ಮೊಟ್ಟೆಯಿಲ್ಲದ ತರಕಾರಿ ಆಮ್ಲೆಟ್: ಸಮಪಾಲಿನ ಅಡಿಗೆ



ನಮ್ಮ ಹಳ್ಳಿಯ ಮನೆಗಳಲ್ಲಿ ಊಟದ ಕ್ರಮವು ನಿಮಗೆಲ್ಲ ತಿಳಿದುದೇ ಆಗಿದೆ. ಹೊಲಕ್ಕೆ ಹೋಗುವವರಿಗೆ ಮೊದಲು ಬಡಿಸಲಾಗುತ್ತದೆ. ಬಳಿಕ ಹಿರಿಯರಿಗೆ, ಆಮೇಲೆ ಮಕ್ಕಳಿಗೆ. ರೊಟ್ಟಿ ಬಡಿದು, ಎಲ್ಲರಿಗೂ ಬಡಿಸಿ, ಒಲೆಯ ಬೆಂಕಿ ಆರಿದ ಮೇಲೆ ಮನೆಯ ಗೃಹಿಣಿಯು ತನ್ನ ತಟ್ಟೆಯನ್ನು ಹಾಕಿಕೊಳ್ಳುತ್ತಾಳೆ. ಆ ಹೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿಯೇನೋ ಉಳಿದಿರುತ್ತದೆ. ಆದರೆ ಝುಣಕದ ಪಾತ್ರೆಯೂ ಬೇಳೆಯ ಪಾತ್ರೆಯೂ ತಳ ಕಂಡಿರುತ್ತವೆ. ಆಕೆ ರೊಟ್ಟಿಗೆ ಖಾರ ಹಚ್ಚಿಕೊಂಡು ಉಂಡು, ಹೊಟ್ಟೆ ತುಂಬಿತೆಂದು ಹೇಳಿ ಏಳುತ್ತಾಳೆ. ಹೊಟ್ಟೆ ತುಂಬಿದ್ದು ನಿಜ. ಆದರೆ ದೇಹಕ್ಕೆ ಬೇಕಾದುದು ದೊರೆಯಲಿಲ್ಲವೆಂಬುದೂ ಅಷ್ಟೇ ನಿಜ.

ಈ ಪಾಠದಲ್ಲಿ ಒಂದು ಸುಲಭವಾದ ಅಡಿಗೆಯನ್ನು ತಿಳಿಸಲಾಗಿದೆ. ಇದಕ್ಕೆ ಮೊಟ್ಟೆ ಬೇಡ, ಹಾಲು ಬೇಡ, ಬೆಣ್ಣೆ ಬೇಡ. ಕಡಲೆ ಹಿಟ್ಟು ಮತ್ತು ತರಕಾರಿಗಳನ್ನು ಕಲಸಿ, ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬೇಯಿಸಿದರೆ ಒಂದು ದುಂಡನೆಯ, ಬೆರಳು ದಪ್ಪದ ಬಿಲ್ಲೆ ಸಿದ್ಧವಾಗುತ್ತದೆ. ಇದರ ರುಚಿ, ಸತ್ವಗಳ ಜೊತೆಗೆ ಇನ್ನೊಂದು ಗುಣವೂ ಮುಖ್ಯವಾದುದು. ಇದನ್ನು ಊಟಕ್ಕೆ ಮೊದಲೇ ಸಮನಾಗಿ ಕತ್ತರಿಸಬಹುದು. ಯಾರ ಪಾಲು ಎಷ್ಟೆಂಬುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಈ ಅಡಿಗೆಯನ್ನು ಪತಿ-ಪತ್ನಿಯರಿಬ್ಬರೂ ಕಲಿಯಬೇಕೆಂದು ನಮ್ಮ ಕೋರಿಕೆ.

1. ಈ ಅಡಿಗೆಯ ಅವಶ್ಯಕತೆ ಏನು?

2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಎಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ. ಬೇಗನೆ ಆಯಾಸವಾಗುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಕಣ್ಣಿನ ಒಳರೆಪ್ಪೆ ಮತ್ತು ನಾಲಗೆ ಬಿಳಿಚಿಕೊಳ್ಳುವುದು ಇದರ ಲಕ್ಷಣಗಳು. ಅನೇಕರು ಇದನ್ನು "ಕೆಲಸ ಜಾಸ್ತಿಯಾಗಿದೆ" ಎಂದು ಕಡೆಗಣಿಸುತ್ತಾರೆ. ಆದರೆ ರಕ್ತಹೀನತೆಯುಳ್ಳ ತಾಯಿಯು ಹೆರಿಗೆಯ ಸಮಯದ ರಕ್ತಸ್ರಾವವನ್ನು ತಾಳಿಕೊಳ್ಳಲಾರಳು. ಆಕೆಗೆ ಹುಟ್ಟುವ ಮಗುವಿನ ತೂಕವೂ ಕಡಿಮೆಯಾಗುವ ಸಂಭವವುಂಟು. ಆದುದರಿಂದ ಇದು ತಾಯಿ-ಮಕ್ಕಳಿಬ್ಬರ ಪ್ರಾಣದ ಪ್ರಶ್ನೆಯಾಗಿದೆ.

ಮೊಟ್ಟೆಯು ಉತ್ತಮ ಆಹಾರ. ತಿನ್ನುವ ರೂಢಿಯುಳ್ಳವರು ಅದನ್ನು ಅವಶ್ಯವಾಗಿ ತಿನ್ನಲಿ. ಆದರೆ ವಿಜಯಪುರ ನಗರದಲ್ಲಾಗಲಿ, ಟಿಕೋಟಾ, ಬಬಲೇಶ್ವರ ಕಡೆಯ ಹಳ್ಳಿಗಳಲ್ಲಾಗಲಿ ಮೊಟ್ಟೆಯನ್ನು ಮುಟ್ಟದ ಮನೆತನಗಳು ಬಹಳ. ತಿನ್ನುವ ಮನೆಗಳಲ್ಲಿಯೂ ಶ್ರಾವಣ ಮಾಸ ಬಂದರೆ ಅನೇಕರು ಬಿಡುತ್ತಾರೆ. ಹೀಗೆ ಬಿಟ್ಟಾಗ ಆ ಜಾಗದಲ್ಲಿ ಏನನ್ನು ಇಡುತ್ತೇವೆ ಎಂಬುದನ್ನು ಮಾತ್ರ ನಾವು ಯೋಚಿಸುವುದಿಲ್ಲ.

ಒಂದು ಉದಾಹರಣೆಯನ್ನು ನೋಡಿರಿ. 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಮಕ್ಕಳಿಗೆ ಬೇಯಿಸಿದ ಮೊಟ್ಟೆಯನ್ನು ಕೊಡುವ ಏರ್ಪಾಡು ಆರಂಭವಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಬಾಳೆಹಣ್ಣು ಒಳ್ಳೆಯ ಹಣ್ಣೇ ಸರಿ. ಆದರೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು ಇದ್ದರೆ, ಒಂದು ಬಾಳೆಹಣ್ಣಿನಲ್ಲಿ ಇರುವುದು ಸುಮಾರು 1 ಗ್ರಾಂ ಮಾತ್ರ. ಉಳಿದ 5 ಗ್ರಾಮನ್ನು ತುಂಬಿಕೊಡುವ ಹೊಣೆ ಮನೆಯ ಅಡಿಗೆಯದು. ಮಗುವಿಗೆ ಹೇಗೋ ತಾಯಿಗೂ ಹಾಗೆಯೇ.

2. ನಮ್ಮ ಹೊಲದಲ್ಲಿಯೇ ಇರುವ ಸತ್ವ

ಹಿಂಗಾರಿನಲ್ಲಿ ನಮ್ಮ ಎರೆಭೂಮಿಯು ಬಿಳಿಜೋಳ ಮತ್ತು ಕಡಲೆಗಳನ್ನು ಒಟ್ಟಿಗೆ ಕೊಡುತ್ತದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಒಂದು ಕಡೆ ಜೋಳದ ತೆನೆ, ಇನ್ನೊಂದು ಕಡೆ ಕಡಲೆಯ ಗಿಡ ನಿಂತಿರುವುದನ್ನು ನೀವು ನೋಡಿದ್ದೀರಿ. ಈ ಜೋಡಿಯು ತಟ್ಟೆಯಲ್ಲಿಯೂ ಜೋಡಿಯಾಗಿಯೇ ಇರಬೇಕು. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಒಂದು ಅವಶ್ಯಕ ಅಂಶವು ಕಡಿಮೆ. ಕಡಲೆಯಲ್ಲಿ ಅದು ಹೇರಳ. ರೊಟ್ಟಿಯೊಡನೆ ಕಡಲೆಯನ್ನು ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬರಿಯ ರೊಟ್ಟಿ-ಖಾರದಿಂದ ಈ ಲಾಭವಿಲ್ಲ.

100 ಗ್ರಾಂ ಕಡಲೆಬೇಳೆಯಲ್ಲಿ ಸುಮಾರು 21 ಗ್ರಾಂ ಸಸಾರಜನಕವೂ ಸುಮಾರು 6 ಮಿಲಿಗ್ರಾಂ ಕಬ್ಬಿಣಾಂಶವೂ ಇವೆ. ರಕ್ತವೃದ್ಧಿಗೆ ಬೇಕಾದ ಫೋಲಿಕ್ ಆಮ್ಲವೂ ಕಡಲೆಯಲ್ಲಿದೆ.

ತರಕಾರಿಯ ಮಾತು. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಈ ಭಾಗದ ಹಲವು ಊರುಗಳಿಗೆ ಬಂದಿದೆ. ದ್ರಾಕ್ಷಿಯ ತೋಟಕ್ಕೆ ನೀರು ಕೊಡುವ ರೈತರು ಬದುವಿನ ಒಂದು ಮೂಲೆಯಲ್ಲಿ ಎರಡು ಮಡಿ ಮೆಂತ್ಯ, ರಾಜಗಿರಿಗಳನ್ನು ಹಾಕಿದರೆ ಮನೆಗೆ ಸಾಕಾಗುತ್ತದೆ. ನೀರಿಲ್ಲದ ಮನೆಯವರು ಹಿತ್ತಲಲ್ಲಿ ಒಂದು ನುಗ್ಗೆಯ ಗಿಡವನ್ನು ಬೆಳೆಸಿರಿ. ಬಚ್ಚಲ ನೀರೇ ಅದಕ್ಕೆ ಸಾಕು.

ಆಮ್ಲೆಟ್ ಎಂಬ ಹೆಸರನ್ನು ಕೇಳಿ ಹಿರಿಯರು ಹುಬ್ಬು ಗಂಟಿಕ್ಕಬಹುದು. ಕಡಲೆ ಹಿಟ್ಟಿಗೆ ಟೊಮೆಟೊ ಹಾಕಿ ಹಂಚಿನ ಮೇಲೆ ಹೊಯ್ಯುವ ತಿನಿಸನ್ನು ನಮ್ಮಲ್ಲಿ ಬಹುಕಾಲದಿಂದ 'ಟೊಮೆಟೊ ಆಮ್ಲೆಟ್' ಎಂದೇ ಕರೆಯುತ್ತಾರೆ. ಅದರಲ್ಲಿ ಮೊಟ್ಟೆ ಇರುವುದಿಲ್ಲ. ನಮ್ಮ ಝುಣಕದ ವಡಿಯೂ ಇದರ ಹತ್ತಿರದ ಬಂಧುವೇ. ಇಟಲಿಯ ಲಿಗೂರಿಯಾ ಎಂಬ ಕಡಲತೀರದ ಪ್ರಾಂತದಲ್ಲಿ ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪುಗಳನ್ನು ಕಲಸಿ ಭಟ್ಟಿಯಲ್ಲಿ ಬೇಯಿಸುತ್ತಾರೆ; ಅಲ್ಲಿ ಅದರ ಹೆಸರು ಫಾರಿನಾತಾ. ಆದುದರಿಂದ ಹೆಸರು ಹೊಸದಾಗಿ ಕಂಡರೂ ಪದಾರ್ಥವು ನಮ್ಮದೇ.

3. ಬೇಕಾಗುವ ಸಾಮಗ್ರಿಗಳು (ನಾಲ್ಕು ಪಾಲಿಗೆ)

ಕಡಲೆ ಹಿಟ್ಟು: 200 ಗ್ರಾಂ (ಸಾಧಾರಣ ಲೋಟದಲ್ಲಿ ಎರಡು ಲೋಟ)
ನೀರು: ಅದೇ ಲೋಟದಲ್ಲಿ ಒಂದೂ ಮುಕ್ಕಾಲು ಲೋಟ
ಮೆಂತ್ಯ, ರಾಜಗಿರಿ ಅಥವಾ ನುಗ್ಗೆಯ ಸೊಪ್ಪು: ಹೆಚ್ಚಿದ್ದು ಎರಡು ಹಿಡಿ
ಉಳ್ಳಾಗಡ್ಡಿ, ಗಜ್ಜರಿ, ಟೊಮೆಟೊ: ಒಂದೊಂದು
ಹಸಿಮೆಣಸಿನಕಾಯಿ: ಎರಡು, ಬೆಳ್ಳುಳ್ಳಿ: ನಾಲ್ಕು ಎಸಳು
ಜೀರಿಗೆ, ಅಜವಾನ: ಅರ್ಧರ್ಧ ಚಹಾ ಚಮಚ, ಅರಿಸಿನ: ಒಂದು ಚಿಟಿಕೆ
ಉಪ್ಪು: ಒಂದು ಚಹಾ ಚಮಚಕ್ಕೆ ಮೀರದಂತೆ
ಕುಸುಬೆ ಅಥವಾ ಶೇಂಗಾ ಎಣ್ಣೆ: ಮೂರು ಚಹಾ ಚಮಚ
ಎಳ್ಳು: ಒಂದು ಚಹಾ ಚಮಚ, ನಿಂಬೆಹಣ್ಣು: ಒಂದು

ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಜ್ಜರಿಗಳನ್ನು ತಿನ್ನದ ಮನೆಯವರು ಎಲೆಕೋಸು, ಹೀರೆಕಾಯಿ ಮತ್ತು ಚಿಟಿಕೆ ಇಂಗನ್ನು ಬಳಸಬಹುದು.

ಹಿಟ್ಟಿನ ಬಗ್ಗೆ ಒಂದು ಎಚ್ಚರಿಕೆ. ಪೇಟೆಯಲ್ಲಿ ಬಿಡಿಯಾಗಿ ಮಾರುವ ಅಗ್ಗದ ಕಡಲೆ ಹಿಟ್ಟಿಗೆ ಕೇಸರಿಬೇಳೆಯ ಹಿಟ್ಟನ್ನು ಬೆರೆಸುವುದುಂಟು. ಕೇಸರಿಬೇಳೆಯನ್ನು ಬಹುದಿನ ಹೆಚ್ಚಾಗಿ ತಿಂದರೆ ಕಾಲುಗಳ ಶಕ್ತಿ ಕುಂದಿ ಪಾರ್ಶ್ವವಾಯುವಿನಂತಹ ರೋಗ ಬರುತ್ತದೆ. ಆದುದರಿಂದ ಮನೆಯ ಕಡಲೆಯನ್ನೇ ಬೇಳೆ ಮಾಡಿಸಿ, ಊರ ಗಿರಣಿಯಲ್ಲಿ ಬೀಸಿಸಿಕೊಳ್ಳುವುದು ಉತ್ತಮ. ಕೊಳ್ಳಲೇಬೇಕಾದಲ್ಲಿ ಕಡಲೆಬೇಳೆಯನ್ನು ಕೊಂಡು ನಿಮ್ಮ ಕಣ್ಣೆದುರಿಗೇ ಬೀಸಿಸಿರಿ.

4. ಮಾಡುವ ವಿಧಾನ

ಅ) ಹಿಟ್ಟನ್ನು ಜರಡಿ ಹಿಡಿಯಿರಿ. ಉಪ್ಪು, ಅರಿಸಿನ, ಜೀರಿಗೆ, ಅಜವಾನಗಳನ್ನು ಸೇರಿಸಿರಿ. ಮೊದಲು ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಿ, ಗಂಟುಗಳನ್ನು ಒಡೆದ ಬಳಿಕ ಉಳಿದ ನೀರನ್ನು ಹೊಯ್ಯಿರಿ. ಕಲಸಿದ ಹಿಟ್ಟು ದೋಸೆಯ ಹಿಟ್ಟಿಗಿಂತ ತುಸು ತೆಳುವಾಗಿರಬೇಕು. ಚೆನ್ನಾಗಿ ಕಡೆದು ಅರ್ಧ ತಾಸು ಮುಚ್ಚಿಡಿರಿ. ಹೀಗೆ ನೆನೆದರೆ ಹಿಟ್ಟು ಒಳಗಿನವರೆಗೆ ಬೇಯುತ್ತದೆ, ಹಸಿವಾಸನೆ ಉಳಿಯುವುದಿಲ್ಲ. ಸೋಡಾ ಪುಡಿಯ ಅವಶ್ಯಕತೆ ಇಲ್ಲ. ಅದು ಕೆಲವು ಜೀವಸತ್ವಗಳನ್ನು ನಾಶಮಾಡುತ್ತದೆ.

ಆ) ಸೊಪ್ಪನ್ನು ಮೊದಲು ತೊಳೆದು ಬಳಿಕ ಹೆಚ್ಚಿರಿ. ಹೆಚ್ಚಿದ ಮೇಲೆ ತೊಳೆದರೆ ಸತ್ವವು ನೀರಿನಲ್ಲಿ ಹೋಗುತ್ತದೆ. ದಪ್ಪ ತಳದ, ಅಂಚುಳ್ಳ ಕಬ್ಬಿಣದ ಬಾಣಲೆಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಗಜ್ಜರಿಗಳನ್ನು ಬಾಡಿಸಿರಿ. ಕಡೆಗೆ ಟೊಮೆಟೊ ಮತ್ತು ಸೊಪ್ಪನ್ನು ಹಾಕಿ ನೀರಿನ ಪಸೆ ಆರುವವರೆಗೆ ಕೈಯಾಡಿಸಿರಿ. ಕಬ್ಬಿಣದ ಪಾತ್ರೆಯಲ್ಲಿ ಹುಳಿಯ ಪದಾರ್ಥವನ್ನು ಬೇಯಿಸಿದಾಗ ಪಾತ್ರೆಯ ಕಬ್ಬಿಣಾಂಶವೂ ಸ್ವಲ್ಪಮಟ್ಟಿಗೆ ಆಹಾರದಲ್ಲಿ ಸೇರುತ್ತದೆ.

ಇ) ಬಾಡಿಸಿದ ತರಕಾರಿಯನ್ನು ಹಿಟ್ಟಿಗೆ ಸೇರಿಸಿರಿ. ಅದೇ ಬಾಣಲೆಯನ್ನು ಒರೆಸಿ, ಉಳಿದ ಎಣ್ಣೆಯನ್ನು ತಳಕ್ಕೂ ಅಂಚಿಗೂ ಸವರಿರಿ. ಬಾಣಲೆ ಕಾದಾಗ ಹಿಟ್ಟನ್ನು ಹೊಯ್ದು ಮೇಲೆ ಎಳ್ಳನ್ನು ಉದುರಿಸಿರಿ. ಹಿಟ್ಟು ಬೆರಳು ದಪ್ಪಕ್ಕಿಂತ ಹೆಚ್ಚಾಗಿರಬಾರದು.

ಈ) ಕೂಡಲೇ ಉರಿಯನ್ನು ತೀರ ಸಣ್ಣದು ಮಾಡಿ, ಬಿಗಿಯಾದ ಮುಚ್ಚಳವನ್ನು ಮುಚ್ಚಿರಿ. ಸುಮಾರು 20 ನಿಮಿಷ ತೆಗೆಯಬೇಡಿರಿ. ಮೇಲ್ಭಾಗವು ಗಟ್ಟಿಯಾಗಿ, ಅಂಚು ಬಾಣಲೆಯನ್ನು ಬಿಟ್ಟುಕೊಂಡಾಗ, ಒಂದು ತಟ್ಟೆಯನ್ನು ಮೇಲೆ ಬೋರಲು ಹಾಕಿ ಬಾಣಲೆಯನ್ನು ಬಟ್ಟೆಯಿಂದ ಹಿಡಿದು ಮಗುಚಿರಿ. ಬಳಿಕ ಬಿಲ್ಲೆಯನ್ನು ಮೆಲ್ಲನೆ ಬಾಣಲೆಗೆ ಜಾರಿಸಿ, ಇನ್ನೊಂದು ಮಗ್ಗುಲನ್ನು 6-7 ನಿಮಿಷ ಬೇಯಿಸಿರಿ.

ಉ) ಕಟ್ಟಿಗೆಯ ಒಲೆಯಾದಲ್ಲಿ ಉರಿಯುವ ಕಟ್ಟಿಗೆಯನ್ನು ಹೊರಗೆಳೆದು, ಒಳಗೆ ಕೆಂಡವನ್ನು ಮಾತ್ರ ಉಳಿಸಿರಿ. ದಪ್ಪ ಮುಚ್ಚಳದ ಮೇಲೆಯೂ ನಾಲ್ಕಾರು ಕೆಂಡಗಳನ್ನು ಹರಡಿರಿ. ಮೇಲೂ ಕೆಳಗೂ ಶಾಖ ತಗಲುವುದರಿಂದ ಮಗುಚುವ ಅವಶ್ಯಕತೆಯೇ ಇರದು. ಚಿಕ್ಕ ಮಕ್ಕಳನ್ನು ದೂರವಿಡಿರಿ. ಹೊಗೆ ಹೊರಹೋಗಲು ಕಿಟಕಿಯನ್ನು ತೆರೆದಿಡಿರಿ. ಪಟ್ಟಣದಲ್ಲಿ ವಿದ್ಯುತ್ ಒವನ್ ಉಳ್ಳವರು 180 ಡಿಗ್ರಿ ಶಾಖದಲ್ಲಿ 35ರಿಂದ 40 ನಿಮಿಷ ಬೇಯಿಸಬಹುದು.

ಊ) ನಡುವೆ ಒಂದು ಕಡ್ಡಿಯನ್ನು ಚುಚ್ಚಿ ನೋಡಿರಿ. ಹಿಟ್ಟು ಅಂಟದಿದ್ದರೆ ಬೆಂದಿದೆ ಎಂದರ್ಥ. ಇಳಿಸಿದ ಮೇಲೆ 10 ನಿಮಿಷ ಆರಲು ಬಿಟ್ಟು ನಂತರ ಕತ್ತರಿಸಿರಿ.

5. ತಪ್ಪಾಗುವುದು ಎಲ್ಲಿ?

ನಡುಭಾಗ ಹಸಿಯಾಗಿ ಉಳಿದರೆ ಉರಿ ಹೆಚ್ಚಾಗಿತ್ತು, ಇಲ್ಲವೇ ತರಕಾರಿಯ ನೀರು ಆರಿರಲಿಲ್ಲ ಎಂದು ತಿಳಿಯಿರಿ. ಅಂತಹ ಬಿಲ್ಲೆಯನ್ನು ತಿನ್ನಬೇಡಿರಿ. ಮತ್ತೆ ಮುಚ್ಚಿ ಬೇಯಿಸಿರಿ. ಹಸಿ ಕಡಲೆ ಹಿಟ್ಟು ಹೊಟ್ಟೆ ಉಬ್ಬರಿಸುತ್ತದೆ. ಕತ್ತರಿಸುವಾಗ ಪುಡಿಯಾದರೆ ಬಿಸಿಯಿರುವಾಗಲೇ ಕತ್ತರಿಸಿದ್ದು ಕಾರಣ. ತಳ ಅಂಟಿದರೆ ಬಾಣಲೆ ಕಾಯುವ ಮೊದಲೇ ಹಿಟ್ಟನ್ನು ಹೊಯ್ದಿರಬಹುದು.

ಹೊಲಕ್ಕೆ ಬುತ್ತಿ ಕಟ್ಟುವವರು ಇದನ್ನು ಪೂರ್ತಿ ಆರಿಸಿ, ಒಣ ಬಟ್ಟೆಯಲ್ಲಿ ರೊಟ್ಟಿಯೊಡನೆ ಸುತ್ತಿಕೊಂಡು ಒಯ್ಯಬಹುದು. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಬೆಳಿಗ್ಗೆ ಮಾಡಿದ್ದನ್ನು ಮಧ್ಯಾಹ್ನದೊಳಗೆ ಮುಗಿಸಬೇಕು. ರಾತ್ರಿಗೆ ಇಡುವುದು ಸರಿಯಲ್ಲ.

6. ಹಂಚುವ ಕ್ರಮ

ಈ ಪಾಠದ ಮುಖ್ಯ ಭಾಗವು ಇದೇ. ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಅತ್ತೆ, ಗಂಡ, ನಾಲ್ಕು ವರ್ಷದ ಮಗಳು ಮತ್ತು ಐದು ತಿಂಗಳ ಗರ್ಭಿಣಿಯಾದ ಸೊಸೆ. ಝುಣಕವನ್ನಾದರೆ ಸೌಟಿನಿಂದ ಬಡಿಸಲಾಗುತ್ತದೆ. ಮೊದಲು ಕುಳಿತವರಿಗೆ ಎರಡು ಸೌಟು, ಕಡೆಗೆ ಕುಳಿತವಳಿಗೆ ಪಾತ್ರೆಯ ಅಂಚು. ಯಾರೂ ಬೇಕೆಂದು ಅನ್ಯಾಯ ಮಾಡಿರುವುದಿಲ್ಲ. ಆದರೂ ಅನ್ಯಾಯವಾಗಿರುತ್ತದೆ, ಏಕೆಂದರೆ ಉಳಿದವಳ ಪಾಲು ಎಷ್ಟಿತ್ತೆಂಬುದು ಯಾರಿಗೂ ಕಾಣುವುದಿಲ್ಲ.

ಬಿಲ್ಲೆಯ ವಿಷಯ ಹಾಗಲ್ಲ. ಯಾರೂ ಊಟಕ್ಕೆ ಕೂಡುವ ಮೊದಲೇ ಅದನ್ನು ಅಡ್ಡ ಒಂದು ಗೀಟು, ಉದ್ದ ಒಂದು ಗೀಟು ಎಳೆದು ನಾಲ್ಕು ಮಾಡಿರಿ. ಈ ಕತ್ತರಿಸುವ ಕೆಲಸವನ್ನು ಪತಿಯೇ ಮಾಡುವುದು ಒಳ್ಳೆಯದು. ನಾಲ್ಕು ತಟ್ಟೆಗಳಿಗೆ ನಾಲ್ಕು ಪಾಲು. ತಾಯಿಯ ತಟ್ಟೆಯನ್ನು ಮುಚ್ಚಿಡದೆ ಎಲ್ಲರೊಡನೆ ಆಕೆಯನ್ನೂ ಕೂಡಿಸಿರಿ. ನಾಲ್ಕು ವರ್ಷದ ಮಗುವಿಗೆ ಅರ್ಧ ಪಾಲು ಸಾಕು, ಉಳಿದರ್ಧ ಗರ್ಭಿಣಿಯದು.

ಲೆಕ್ಕವನ್ನು ನೋಡಿರಿ. ಒಂದು ಪಾಲಿನಲ್ಲಿ 50 ಗ್ರಾಂ ಕಡಲೆ ಹಿಟ್ಟು ಇರುತ್ತದೆ. ಅದರಿಂದ 10 ಗ್ರಾಮಿಗಿಂತ ತುಸು ಹೆಚ್ಚು ಸಸಾರಜನಕ ದೊರೆಯುತ್ತದೆ. ಸಾಧಾರಣ ಮಹಿಳೆಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು. ಗರ್ಭದ ನಡುವಿನ ಮೂರು ತಿಂಗಳಲ್ಲಿ ಅದರ ಮೇಲೆ ಸುಮಾರು 9.5 ಗ್ರಾಂ, ಕಡೆಯ ಮೂರು ತಿಂಗಳಲ್ಲಿ ಸುಮಾರು 22 ಗ್ರಾಂ ಹೆಚ್ಚಿಗೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ತಿಳಿಸಿದೆ. ಎಂದರೆ ನಡುವಿನ ತಿಂಗಳುಗಳ ಹೆಚ್ಚಿನ ಅವಶ್ಯಕತೆಗೆ ಒಂದು ಪಾಲು, ಕಡೆಯ ತಿಂಗಳುಗಳಿಗೆ ಎರಡು ಪಾಲು. ಆದುದರಿಂದ ಏಳನೆಯ ತಿಂಗಳಿನಿಂದ ಹಿಟ್ಟನ್ನು 250 ಗ್ರಾಮಿಗೆ ಏರಿಸಿ, ನೀರನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಿ, ಸ್ವಲ್ಪ ಅಗಲವಾದ ಪಾತ್ರೆಯಲ್ಲಿ ಬೇಯಿಸಿ ಐದು ಪಾಲು ಮಾಡಿರಿ. ಐದನೆಯ ಪಾಲೂ ಆಕೆಯದೇ. ಒಮ್ಮೆಗೇ ತಿನ್ನಲಾಗದಿದ್ದರೆ ಸಂಜೆಯೊಳಗೆ ತಿನ್ನಲಿ; ಬೇಸಿಗೆಯಲ್ಲಿ ಆ ಪಾಲನ್ನು ಬೇರೆಯಾಗಿ, ಆ ಹೊತ್ತಿಗೇ ಬೇಯಿಸಿಕೊಡಿರಿ.

ಅತ್ತೆಯವರಿಗೂ ಒಂದು ಮಾತು. ಗರ್ಭಿಣಿ ಹೆಚ್ಚು ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಹೆದರಿಕೆ ಹಲವರಲ್ಲಿದೆ. ತಾಯಿಯನ್ನು ಹಸಿದಿಡುವುದರಿಂದ ಹೆರಿಗೆ ಸುಲಭವಾಗದು. ತಾಯಿಯ ಶಕ್ತಿ ಕುಂದಿ ಅಪಾಯವೇ ಹೆಚ್ಚುತ್ತದೆ.

ಊಟದಲ್ಲಿ ಬಿಲ್ಲೆಯ ಮೇಲೆ ನಿಂಬೆಹಣ್ಣನ್ನು ಹಿಂಡುವುದನ್ನು ಮರೆಯಬಾರದು. ನಮ್ಮ ಜಿಲ್ಲೆಯ ಇಂಡಿಯ ನಿಂಬೆ ಹೆಸರುವಾಸಿಯಾದುದು. ನಿಂಬೆಯಲ್ಲಿರುವ ಸಿ ಜೀವಸತ್ವವು ಕಾಳು, ಸೊಪ್ಪುಗಳ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ಚಹಾ ಇದಕ್ಕೆ ವಿರುದ್ಧ. ಊಟದ ಹಿಂದೆ ಮುಂದೆ ಒಂದು ತಾಸು ಚಹಾ ಕುಡಿಯಬೇಡಿರಿ.

7. ಈ ಅಡಿಗೆಯಿಂದ ಆಗದಿರುವುದು

ಯಾವ ಅಡಿಗೆಯೂ ಸರ್ವರೋಗಕ್ಕೆ ಮದ್ದಲ್ಲ. ಎರಡು ವಿಷಯಗಳನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಮೊದಲನೆಯದು, ಕಬ್ಬಿಣಾಂಶ. ಒಂದು ಪಾಲಿನ ಕಡಲೆ ಹಿಟ್ಟಿನಲ್ಲಿರುವುದು ಸುಮಾರು 3 ಮಿಲಿಗ್ರಾಂ. ಅದರಲ್ಲಿಯೂ ದೇಹಕ್ಕೆ ಸೇರುವುದು ಸ್ವಲ್ಪ ಭಾಗ. ಆರೋಗ್ಯ ಕೇಂದ್ರದಲ್ಲಿ ಗರ್ಭಿಣಿಯರಿಗೆ ಉಚಿತವಾಗಿ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶವಿದೆ. ಆದುದರಿಂದ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರವೂ 180 ದಿನ ಮಾತ್ರೆಯನ್ನು ತಪ್ಪದೆ ನುಂಗಬೇಕು. ಮಲವು ಕಪ್ಪಾದರೆ ಹೆದರಬೇಕಾಗಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿಯ ಊಟದ ನಂತರ ತೆಗೆದುಕೊಳ್ಳಿರಿ. ಸುಣ್ಣದಂಶದ, ಅಂದರೆ ಕ್ಯಾಲ್ಸಿಯಂ ಮಾತ್ರೆಯನ್ನು ಇದರೊಡನೆ ನುಂಗದೆ ಬೇರೆ ಹೊತ್ತಿನಲ್ಲಿ ನುಂಗಿರಿ. ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ; ಪ್ರತಿ ತಪಾಸಣೆಯಲ್ಲಿಯೂ ಇದನ್ನು ಕೇಳಿ ತಿಳಿದುಕೊಳ್ಳಿರಿ.

ಎರಡನೆಯದು, ಬಿ-12 ಜೀವಸತ್ವ. ರಕ್ತಕ್ಕೂ ನರಗಳಿಗೂ ಇದು ಅವಶ್ಯಕ. ಮೊಟ್ಟೆ, ಹಾಲು, ಮೀನು, ಮಾಂಸಗಳಲ್ಲಿ ಇದು ಇರುತ್ತದೆ. ಕಡಲೆಯಲ್ಲಿಯೂ ತರಕಾರಿಯಲ್ಲಿಯೂ ಇರುವುದಿಲ್ಲ. ಮೊಟ್ಟೆ ತಿನ್ನದವರು ದಿನವೂ ಹಾಲು, ಮೊಸರು, ಮಜ್ಜಿಗೆಗಳನ್ನು ಬಳಸಬೇಕು. ಮನೆಯ ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯಾಕೆಗೆ ಒಂದು ಲೋಟವನ್ನೂ ಉಳಿಸದಿರುವುದು ಸರಿಯಲ್ಲ. ಹಾಲನ್ನೂ ಸಂಪೂರ್ಣವಾಗಿ ಬಿಟ್ಟವರು ವೈದ್ಯರನ್ನು ಕಂಡು ಬಿ-12 ಮಾತ್ರೆಯನ್ನು ಅವಶ್ಯವಾಗಿ ಪಡೆಯಬೇಕು.

8. ಎರಡು ಹೆರಿಗೆಗಳ ನಡುವೆ

ಒಂದು ಹೆರಿಗೆಯಲ್ಲಿ ತಾಯಿಯ ದೇಹವು ಕಳೆದುಕೊಂಡ ಸತ್ವವು ನಾಲ್ಕು ದಿನದ ಪಥ್ಯದಿಂದ ಮರಳಿ ಬರುವುದಿಲ್ಲ. ಅದಕ್ಕೆ ಕಾಲ ಬೇಕು. ಒಂದು ಮಗುವಿಗೂ ಇನ್ನೊಂದಕ್ಕೂ ಕನಿಷ್ಠ ಮೂರು ವರ್ಷಗಳ ಅಂತರವಿರಲಿ. ನಿರೋಧ್, ಕಾಪರ್-ಟಿ, ಮೂರು ತಿಂಗಳಿಗೊಮ್ಮೆಯ 'ಅಂತರಾ' ಚುಚ್ಚುಮದ್ದು, 'ಛಾಯಾ' ಮಾತ್ರೆ ಇವೆಲ್ಲವೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಯಾವುದು ಸೂಕ್ತವೆಂಬುದನ್ನು ದಂಪತಿಗಳಿಬ್ಬರೂ ಕೂಡಿ ವೈದ್ಯರನ್ನು ಅಥವಾ ಆಶಾ ಕಾರ್ಯಕರ್ತೆಯನ್ನು ಕೇಳಿ ತೀರ್ಮಾನಿಸಿರಿ.

ನೆನಪಿಡಬೇಕಾದ ಅಂಶಗಳು

- ಬರಿಯ ರೊಟ್ಟಿಯಿಂದ ಹೊಟ್ಟೆ ತುಂಬುತ್ತದೆ. ರೊಟ್ಟಿ ಮತ್ತು ಕಡಲೆ ಕೂಡಿದರೆ ಮೈಗೆ ಬಲ ಬರುತ್ತದೆ.
- ಹಿಟ್ಟು ಅರ್ಧ ತಾಸು ನೆನೆಯಲಿ; ಉರಿ ಸಣ್ಣದಿರಲಿ; ಮುಚ್ಚಳ ಬಿಗಿಯಿರಲಿ.
- ನಿಂಬೆ ಹಿಂಡಿರಿ, ಚಹಾವನ್ನು ದೂರವಿಡಿರಿ.
- ಅಡಿಗೆಯು ಮಾತ್ರೆಗೆ ಬದಲಲ್ಲ. ಮಾತ್ರೆಯು ಅಡಿಗೆಗೆ ಬದಲಲ್ಲ.
- ಮೊದಲು ಕತ್ತರಿಸಿ, ಆಮೇಲೆ ಬಡಿಸಿ, ಎಲ್ಲರೂ ಒಟ್ಟಿಗೆ ಉಣ್ಣಿರಿ.

ದಂಪತಿಗಳು ಚರ್ಚಿಸಬೇಕಾದ ಪ್ರಶ್ನೆಗಳು

1. ನಿನ್ನೆಯ ಊಟದಲ್ಲಿ ನಿಮ್ಮ ಮನೆಯಲ್ಲಿ ಕಡೆಗೆ ಉಂಡವರು ಯಾರು? ಅವರ ತಟ್ಟೆಯಲ್ಲಿ ಏನೇನಿತ್ತು?
2. ಮೊಟ್ಟೆಯನ್ನು ಬಿಟ್ಟ ದಿನಗಳಲ್ಲಿ ನಿಮ್ಮ ಮನೆಯಲ್ಲಿ ಅದಕ್ಕೆ ಬದಲಾಗಿ ಏನನ್ನು ಬಡಿಸುತ್ತೀರಿ?
3. ಮನೆಯಾಕೆಯ ಹಿಮೋಗ್ಲೋಬಿನ್ ಎಷ್ಟೆಂದು ಪತಿಗೆ ತಿಳಿದಿದೆಯೇ?

ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಈ ವಾರವೇ ಇಬ್ಬರೂ ಕೂಡಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬನ್ನಿರಿ.